ಈರುಳ್ಳಿ ಲೋಡಿಗೆ ಮುಂಚೆ ಪಿಕಪ್ ಬ್ರೇಕ್ ನೋಡಿಕೊಳ್ಳಿ

ಚಳ್ಳಕೆರೆ, ಹಿರಿಯೂರು ಕಡೆ ಈರುಳ್ಳಿ ಕೀಳಲು ಶುರುವಾದರೆ ಪಿಕಪ್‌ಗಳಿಗೆ ಬಿಡುವಿಲ್ಲ. ಚಿತ್ರದುರ್ಗದಿಂದ ಬೆಂಗಳೂರಿನ ಯಶವಂತಪುರ ಮಾರುಕಟ್ಟೆಗೆ ಸುಮಾರು 200 ಕಿ.ಮೀ. ಹೊರಡುವಾಗ ಟೈರಿಗೆ ಒದ್ದು ನೋಡುವ ಡ್ರೈವರ್‌ಗಳು ಬ್ರೇಕ್ ಆಯಿಲ್ ಡಬ್ಬಿಯತ್ತ ಕಣ್ಣು ಹಾಯಿಸುವುದು ಕಮ್ಮಿ.

ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರ್ ಆಯಿಲನ್ನು ಪೈಪುಗಳಿಗೆ ನೂಕುತ್ತದೆ. ಮುಂದಿನ ಚಕ್ರದಲ್ಲಿ ಪ್ಯಾಡ್‌ಗಳು ಡಿಸ್ಕನ್ನು ಕಚ್ಚುತ್ತವೆ, ಹಿಂದೆ ಲೈನರ್‌ಗಳು ಡ್ರಮ್ಮಿಗೆ ಒತ್ತಿಕೊಳ್ಳುತ್ತವೆ. ಕಾಲಿಗೆ ಬಲ ಕೊಡುವ ಬೂಸ್ಟರಿಗೆ ಇಂಜಿನ್ ಓಡುತ್ತಿರಬೇಕು. ಡೀಸೆಲ್ ಉಳಿಸಲೆಂದು ಇಳಿಜಾರಿನಲ್ಲಿ ಇಂಜಿನ್ ಆಫ್ ಮಾಡಿದರೆ ಎರಡು ಮೂರು ಸಲ ಒತ್ತುವಷ್ಟರಲ್ಲಿ ಪೆಡಲ್ ಕಲ್ಲಾಗುತ್ತದೆ.

ಹಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸೆಲ್ ಬಳಿ ಒಂದು ವಾಲ್ವ್ ಇರುತ್ತದೆ. ಲೋಡಿಗೆ ಬಾಡಿ ಕುಸಿದಂತೆ ಅದರ ಕಡ್ಡಿ ಸರಿದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಜಾಸ್ತಿ ಮೂಟೆ ಹೇರಲು ಎಕ್ಸ್‌ಟ್ರಾ ಸ್ಪ್ರಿಂಗ್ ಪ್ಲೇಟ್ ಹಾಕಿಸುತ್ತಾರಲ್ಲ, ಆಗ ಬಾಡಿ ಅಷ್ಟು ಕುಸಿಯುವುದೇ ಇಲ್ಲ. ಗಾಡಿ ಖಾಲಿಯಿದೆ ಎಂದೇ ವಾಲ್ವ್ ತಿಳಿಯುತ್ತದೆ, ಹಿಂದಿನ ಬ್ರೇಕ್ ಅರೆಬರೆ ಹಿಡಿಯುತ್ತದೆ. ಪ್ಲೇಟ್ ಹಾಕಿಸದಿರುವುದೇ ಒಳ್ಳೆಯದು. ಈಗಾಗಲೇ ಹಾಕಿಸಿದ್ದರೆ ಕಡ್ಡಿಯ ಸೆಟ್ಟಿಂಗ್ ಬಗ್ಗೆ ಕಂಪನಿ ಸರ್ವಿಸ್‌ನಲ್ಲಿ ಕೇಳಿ.

ಇನ್ನು ಪರೀಕ್ಷೆ. ಇಂಜಿನ್ ಆಫ್ ಇರುವಾಗ ಪೆಡಲನ್ನು ಗಟ್ಟಿಯಾಗುವವರೆಗೆ ಒತ್ತಿ ಒತ್ತಿ ಬಿಡಿ. ಕೊನೆಗೆ ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ತುಸು ಕೆಳಗಿಳಿದರೆ ಬೂಸ್ಟರ್ ಸರಿಯಿದೆ. ಡಬ್ಬಿಯಲ್ಲಿ ಆಯಿಲ್ ಕಮ್ಮಿಯಾಗಿದ್ದರೆ ತುಂಬಿಸಿ ಸುಮ್ಮನಾಗಬೇಡಿ: ಪ್ಯಾಡ್ ಸವೆದಿರಬಹುದು, ಎಲ್ಲೋ ಸೋರುತ್ತಿರಬಹುದು. ಹಿಂದಿನ ಟೈರುಗಳ ಒಳಮೈ ಒದ್ದೆಯಿದೆಯೇ ಎಂದು ಬಗ್ಗಿ ನೋಡಿ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯದು. ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯಬಹುದು. ಕುದಿದರೆ ಪೈಪಿನಲ್ಲಿ ಆವಿ, ಪೆಡಲ್ ಸೀದಾ ತಳಕ್ಕೆ. ಅದಕ್ಕೇ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಇಂಜಿನ್ ಆಯಿಲ್ ಅಪ್ಪಿತಪ್ಪಿಯೂ ಸುರಿಯಬೇಡಿ, ರಬ್ಬರ್ ಸೀಲುಗಳು ಊದಿ ಹಾಳಾಗುತ್ತವೆ.

ಬ್ರೇಕ್ ಪೈಪಿನೊಳಗೆ ಸೇರಿದ ಗಾಳಿ, ಅಂದರೆ ಏರ್ ತೆಗೆಯಲು ಇಬ್ಬರು ಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿಯಲಿ, ಇನ್ನೊಬ್ಬರು ಚಕ್ರದ ಬ್ರೇಕಿನಲ್ಲಿರುವ ನಿಪ್ಪಲ್‌ಗೆ (ಏರ್ ಬಿಡುವ ಸಣ್ಣ ತಿರುಪು) ಪಾರದರ್ಶಕ ಪೈಪ್ ಸಿಕ್ಕಿಸಿ, ಅದರ ತುದಿಯನ್ನು ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿ, ನಿಪ್ಪಲನ್ನು ಅರ್ಧ ಸುತ್ತು ಸಡಿಲಿಸಲಿ. ಗುಳ್ಳೆ ಗುಳ್ಳೆಯಾಗಿ ಆಯಿಲ್ ಬರುತ್ತದೆ. ನಿಪ್ಪಲ್ ಬಿಗಿ ಮಾಡಿದ ಮೇಲೆಯೇ ಪೆಡಲ್ ಬಿಡಬೇಕು. ಮೊದಲೇ ಬಿಟ್ಟರೆ ಗಾಳಿ ಮತ್ತೆ ಒಳಗೆ. ಗುಳ್ಳೆ ನಿಲ್ಲುವವರೆಗೂ ಹೀಗೇ ಮಾಡಿ, ನಡುವೆ ಡಬ್ಬಿ ಖಾಲಿಯಾಗಲು ಬಿಡಬೇಡಿ. ಆಮೇಲೆ ಖಾಲಿ ಗಾಡಿಯನ್ನೇ ನಿಧಾನಕ್ಕೆ ಓಡಿಸಿ ಬ್ರೇಕ್ ಹಿಡಿದು ನೋಡಿ, ಲೋಡು ಆಮೇಲೆ.