ರೇಡ್: ನಾಲ್ಕು ಡಿಸ್ಕ್ ಹಾಕಿದರೆ ಜಾಗ ಎಷ್ಟು ಸಿಗುತ್ತದೆ?

4 ಟಿಬಿಯ ನಾಲ್ಕು ಹಾರ್ಡ್ ಡಿಸ್ಕ್ ಸೇರಿಸಿದರೆ 16 ಟಿಬಿ ಎಂದು ಯಾರಾದರೂ ಲೆಕ್ಕ ಹಾಕುತ್ತಾರೆ. ಹಲವು ಡಿಸ್ಕ್‌ಗಳನ್ನು ಒಂದೇ ಡಿಸ್ಕ್‌ನಂತೆ ಜೋಡಿಸುವ ವಿಧಾನವೇ ರೇಡ್, ಅದರ ಬಗೆಗಳಿಗೆ 0, 5, 6, 10 ಎಂಬ ಸಂಖ್ಯೆಗಳಿವೆ. ಈ ನಾಲ್ಕರಿಂದ ರೇಡ್ 5 ಮಾಡಿ ಕಂಪ್ಯೂಟರ್ ತೆರೆದರೆ ಕಾಣುವುದು ಸುಮಾರು 10.9. ಡಿಸ್ಕ್ ಕೆಟ್ಟಿಲ್ಲ, ಅಂಗಡಿಯವರು ಮೋಸ ಮಾಡಿಲ್ಲ.

ಜಾಗದ ಮಾತು ಆಮೇಲೆ. ಎಷ್ಟು ಡಿಸ್ಕ್ ಕೈಕೊಟ್ಟರೂ ಡೇಟಾ ಉಳಿಯಬೇಕು ಎಂಬುದನ್ನು ಮೊದಲು ನಿರ್ಧರಿಸಿ. ಅಂಥ ರಕ್ಷಣೆಯೇ ಬೇಡವೆಂದರೆ ರೇಡ್ 0: ಪೂರ್ತಿ 16 ಟಿಬಿ ಸಿಗುತ್ತದೆ, ಆದರೆ ಒಂದು ಡಿಸ್ಕ್ ಹೋದರೆ ಎಲ್ಲವೂ ಹೋದಂತೆ. ರೇಡ್ 5ರಲ್ಲಿ ಒಂದು ಡಿಸ್ಕ್‌ನಷ್ಟು ಜಾಗ ರಕ್ಷಣೆಗೆ ಹೋಗಿ 12 ಟಿಬಿ ಉಳಿಯುತ್ತದೆ. ರೇಡ್ 6ರಲ್ಲಿ ಎರಡು ಡಿಸ್ಕ್‌ನಷ್ಟು ಹೋಗಿ 8 ಟಿಬಿ.

ಆ ಒಂದು ಡಿಸ್ಕ್‌ನಷ್ಟು ಜಾಗದಲ್ಲಿ ಇರುವುದು ಪ್ಯಾರಿಟಿ. ಮೂರು ಡಿಸ್ಕ್‌ಗಳ ರೇಡ್ 5 ತೆಗೆದುಕೊಳ್ಳಿ. ಒಂದರಲ್ಲಿ 1011, ಇನ್ನೊಂದರಲ್ಲಿ 0110 ಇದೆ. ಒಂದರ ಕೆಳಗೆ ಒಂದು ಬರೆದು, ಅಂಕಿಗಳು ಒಂದೇ ಆಗಿದ್ದಲ್ಲಿ 0, ಬೇರೆಯಾಗಿದ್ದಲ್ಲಿ 1 ಹಾಕಿ. ಬರುವ 1101 ಮೂರನೆಯ ಡಿಸ್ಕ್‌ಗೆ. ಎರಡನೆಯ ಡಿಸ್ಕ್ ಸತ್ತಿತೆನ್ನಿ. 1011 ಮತ್ತು 1101ಕ್ಕೆ ಅದೇ ಲೆಕ್ಕ ಮಾಡಿದರೆ ಕಳೆದುಹೋದ 0110 ಮತ್ತೆ ಸಿಗುತ್ತದೆ. ಈ ಪ್ಯಾರಿಟಿ ಒಂದೇ ಡಿಸ್ಕ್‌ನಲ್ಲಿ ಕೂರದೆ ಎಲ್ಲದರಲ್ಲೂ ಸರದಿಯಂತೆ ಹಂಚಿಹೋಗಿರುತ್ತದೆ.

ಜೋಡಿ ಜೋಡಿಯಾಗಿ ನಕಲಿಟ್ಟುಕೊಳ್ಳುವ ರೇಡ್ 10ರಲ್ಲೂ ಸಿಗುವುದು 8 ಟಿಬಿಯೇ. ಹಾಗೆಂದು ರೇಡ್ 6ಕ್ಕೆ ಸಮ ಎನ್ನಲಾಗದು. ನಾಲ್ಕರಲ್ಲಿ ಎರಡು ಡಿಸ್ಕ್ ಕೆಡುವ ಸಾಧ್ಯತೆಗಳು ಆರು. ರೇಡ್ 6 ಆರನ್ನೂ ತಡೆದುಕೊಳ್ಳುತ್ತದೆ. ರೇಡ್ 10 ನಾಲ್ಕನ್ನು ಮಾತ್ರ, ಒಂದೇ ಜೋಡಿಯ ಎರಡೂ ಕೆಟ್ಟರೆ ಡೇಟಾ ಇಲ್ಲ. ಆದರೆ ಚಿಕ್ಕ ಚಿಕ್ಕ ಡೇಟಾವನ್ನು ಮತ್ತೆ ಮತ್ತೆ ಡಿಸ್ಕ್‌ಗೆ ಬರೆಯುವ ಡೇಟಾಬೇಸ್‌ಗೆ ರೇಡ್ 10 ವೇಗವಾಗಿರುತ್ತದೆ. ಫೋಟೊ, ವಿಡಿಯೊ ತುಂಬಿಡುವವರಿಗೆ ನನ್ನ ಮತ ರೇಡ್ 6ಕ್ಕೆ.

ಈಗ ಅಳತೆ. ಸಾಮಾನ್ಯ ರೇಡ್‌ನಲ್ಲಿ ಎಲ್ಲ ಡಿಸ್ಕ್‌ಗಳನ್ನೂ ಅತಿ ಚಿಕ್ಕದರ ಅಳತೆಗೆ ಇಳಿಸಲಾಗುತ್ತದೆ. 4 ಟಿಬಿಯ ಮೂರರಿಂದ ಮಾಡಿದ ರೇಡ್ 5ರಲ್ಲಿ 8 ಟಿಬಿ ಸಿಗುತ್ತದೆ. ಮನೆಯಲ್ಲಿ ಸುಮ್ಮನೆ ಬಿದ್ದಿದೆ ಎಂದು 2 ಟಿಬಿಯದೊಂದನ್ನೂ ಸೇರಿಸಿ ಹೊಸದಾಗಿ ಮಾಡಿದರೆ? ಬರೀ 6. ಡಿಸ್ಕ್ ಹೆಚ್ಚಿತು, ಜಾಗ ಕುಗ್ಗಿತು!

ಇನ್ನು 12 ಹೇಗೆ 10.9 ಆಯಿತು? ಡಿಸ್ಕ್ ತಯಾರಕರು 1 ಟಿಬಿ ಎಂದರೆ ಲಕ್ಷ ಕೋಟಿ ಬೈಟ್ ಎನ್ನುತ್ತಾರೆ, ಆ ಬೈಟ್‌ಗಳನ್ನು ವಿಂಡೋಸ್ 1024ರಿಂದ ನಾಲ್ಕು ಸಲ ಭಾಗಿಸಿ ಟಿಬಿ ತೋರಿಸುತ್ತದೆ. ಅಷ್ಟೇ.

ಕೆಟ್ಟ ಡಿಸ್ಕ್ ತೆಗೆದು ಹೊಸದು ಹಾಕಿದ ಮೇಲೆ ನಡೆಯುವುದು ರಿಬಿಲ್ಡ್, ಅಂದರೆ ಕಳೆದ ಡೇಟಾವನ್ನು ಹೊಸ ಡಿಸ್ಕ್‌ಗೆ ಮತ್ತೆ ತುಂಬುವ ಕೆಲಸ. ಸೆಕೆಂಡಿಗೆ 150 ಎಂಬಿ ವೇಗದಲ್ಲಿ ನಡೆದರೂ 4 ಟಿಬಿ ತುಂಬಲು ಏಳು ಗಂಟೆಗೂ ಮೇಲೆ ಬೇಕು. ನಡುವೆ ಕೆಲಸವೂ ನಡೆಯುತ್ತಿದ್ದರೆ ಇನ್ನೂ ಹೆಚ್ಚು. ಅಷ್ಟು ಹೊತ್ತು ರೇಡ್ 5ಕ್ಕೆ ಯಾವ ರಕ್ಷಣೆಯೂ ಇರುವುದಿಲ್ಲ. ಹಾಗಾಗಿ ರಿಬಿಲ್ಡ್‌ಗೆ ಕೈಹಾಕುವ ಮೊದಲು ಮುಖ್ಯವಾದ ಫೈಲ್‌ಗಳ ಪ್ರತಿ ಬೇರೆಡೆ ಇದೆಯೇ ನೋಡಿಕೊಳ್ಳಿ. ತಪ್ಪಿ ಅಳಿಸಿದ ಫೈಲನ್ನು ಯಾವ ರೇಡೂ ಮರಳಿ ಕೊಡುವುದಿಲ್ಲ, ಅದು ಎಲ್ಲ ಡಿಸ್ಕ್‌ಗಳಿಂದಲೂ ಒಟ್ಟಿಗೇ ಅಳಿದಿರುತ್ತದೆ.