ಹನ್ನೆರಡು ಲಕ್ಷಕ್ಕೆ ಕಾಮಾ ಎಲ್ಲಿ ಹಾಕಬೇಕು?

ಗಂಗಾವತಿ ಕಡೆಯ ಹುಡುಗರು ನಡೆಸುವ ಮೈನ್‌ಕ್ರಾಫ್ಟ್ ಸರ್ವರ್‌ಗಳಲ್ಲಿ ಒಂದೇ ತಪ್ಪನ್ನು ಮತ್ತೆ ಮತ್ತೆ ನೋಡಿದ್ದೇನೆ. ಸ್ಕೋರ್‌ಬೋರ್ಡಿನಲ್ಲಿ ಆಟಗಾರನ ಹಣ ₹1,234,567 ಎಂದು ಬರುತ್ತದೆ. ದಲಾಲಿ ಅಂಗಡಿಯ ಭತ್ತದ ಪಟ್ಟಿ ನೋಡಿ ಬೆಳೆದವರು ಇದನ್ನು ಬೆರಳಿಟ್ಟು ಎಣಿಸಬೇಕು. ನಮಗೆ ಬೇಕಿರುವುದು 12,34,567.

ಶುರುವಿನ ಕೆಲಸ ಸುಲಭ. ಪ್ಲೇಸ್‌ಹೋಲ್ಡರ್‌ಎಪಿಐ ಅಂದರೆ, % ಗುರುತುಗಳ ನಡುವೆ ಬರೆದ ಹೆಸರಿನ (ಪ್ಲೇಸ್‌ಹೋಲ್ಡರ್) ಜಾಗದಲ್ಲಿ ಆಟಗಾರನ ಹಣದಂಥ ಮಾಹಿತಿ ತುಂಬುವ ಪ್ಲಗಿನ್, ಅಂದರೆ ಸರ್ವರ್‌ಗೆ ಸೇರಿಸುವ ತಂತ್ರಾಂಶ. ಪ್ಲೇಸ್‌ಹೋಲ್ಡರ್‌ಎಪಿಐ ಜಾರ್ ಫೈಲನ್ನು ಪ್ಲಗಿನ್ಸ್ ಫೋಲ್ಡರಿಗೆ ಹಾಕಿ, ಸರ್ವರ್ ರೀಸ್ಟಾರ್ಟ್ ಮಾಡಿ, ಬೇಕಾದ ಎಕ್ಸ್‌ಪಾನ್ಷನ್ (ಅದಕ್ಕೆ ಇಂಥ ಹೆಸರುಗಳನ್ನು ಒದಗಿಸುವ ಚಿಕ್ಕ ಸೇರ್ಪಡೆ) ಇಳಿಸಿಕೊಳ್ಳಿ. ಕ್ರ್ಯಾಕ್ ಮಾಡಿದ ಪ್ಲಗಿನ್ ಮಾತ್ರ ಮುಟ್ಟಲೇಬೇಡಿ, ಒಳಗೆ ಬ್ಯಾಕ್‌ಡೋರ್ (ಹೊರಗಿನವರು ನುಗ್ಗುವ ಕಳ್ಳದಾರಿ) ಇದ್ದರೆ ಸರ್ವರೇ ಕೈತಪ್ಪುತ್ತದೆ. % ಗುರುತಿನ ನಡುವಿನ ಹೆಸರು ಹಾಗೇ ಕಾಣಿಸಿದರೆ ಪಾರ್ಸ್ ಕಮಾಂಡಿನಲ್ಲಿ ಪರೀಕ್ಷಿಸಿ. ಸಾಮಾನ್ಯವಾಗಿ ಎಕ್ಸ್‌ಪಾನ್ಷನ್ ಬಂದಿರುವುದಿಲ್ಲ, ಇಲ್ಲವೇ ಹೆಸರು ತಪ್ಪಿರುತ್ತದೆ.

ಎಡವುವುದು ಪ್ಯಾಟರ್ನಿನಲ್ಲಿ, ಅಂದರೆ ಅಂಕಿ ಹೇಗೆ ಕಾಣಬೇಕೆಂದು ಬರೆದು ಕೊಡುವ ಮಾದರಿಯಲ್ಲಿ. #,##,##0 ಎಂದು ಬರೆದರೆ ಲಕ್ಷದ ಕಾಮಾ ಬರಬೇಕು ಅಲ್ವಾ? ಬರುವುದಿಲ್ಲ. ಈ ಪ್ಲಗಿನ್‌ಗಳನ್ನು ಬರೆಯುವ ಜಾವಾ ಭಾಷೆಯಲ್ಲಿ ಅಂಕಿಗೆ ರೂಪ ಕೊಡುವ ಡೆಸಿಮಲ್‌ಫಾರ್ಮ್ಯಾಟ್ ಕೊನೆಯ ಕಾಮಾ ಆದ ಮೇಲೆ ಎಷ್ಟು ಅಂಕಿ ಇವೆ ಎಂದಷ್ಟೇ ನೋಡುತ್ತದೆ. ಅಲ್ಲಿ ಮೂರಿದ್ದರೆ ಉದ್ದಕ್ಕೂ ಮೂರು ಮೂರರ ಗುಂಪೇ. ಭಾರತದ ಲೊಕೇಲ್ (ದೇಶ-ಭಾಷೆಯ ಸೆಟ್ಟಿಂಗ್) ಕೊಟ್ಟರೂ ಅಷ್ಟೇ. ಬೇರೆ ಬೇರೆ ಭಾಷೆ, ದೇಶಗಳ ಬರಹದ ರೂಢಿ ಬಲ್ಲ ಐಸಿಯು (ICU) ಎಂಬ ಲೈಬ್ರರಿಗೆ ಈ ಪ್ಯಾಟರ್ನ್ ತಿಳಿಯುತ್ತದೆ. ಆದರೆ ಒಂದು ಕಾಮಾಕ್ಕೆ ಅಷ್ಟು ದೊಡ್ಡ ಜಾರ್ ಹೊರುವುದು ಬೇಡ.

ನಿಮ್ಮದೇ ಚಿಕ್ಕ ಎಕ್ಸ್‌ಪಾನ್ಷನ್ ಬರೆಯಿರಿ. ಮೈನಸ್ ಗುರುತನ್ನೂ ಪೈಸೆಯನ್ನೂ ಮೊದಲು ಪಕ್ಕಕ್ಕೆ ತೆಗೆದಿಡಿ. 1234567ರಲ್ಲಿ ಕೊನೆಯ 567 ಬಿಡಿಸಿಕೊಳ್ಳಿ. ಉಳಿದ 1234 ಅನ್ನು ಬಲದಿಂದ ಎರಡೆರಡಾಗಿ ಕತ್ತರಿಸಿ: 34, ಆಮೇಲೆ 12. ಕಾಮಾ ಹಾಕಿ ಜೋಡಿಸಿ, ತೆಗೆದಿಟ್ಟದ್ದನ್ನು ವಾಪಸ್ ಸೇರಿಸಿ. ಪ್ಲಗಿನ್ನಿನ ಒಳಗೇ ಬರೆಯುವ ಎಕ್ಸ್‌ಪಾನ್ಷನ್ ಆದರೆ ಪರ್ಸಿಸ್ಟ್ ಮೆಥಡ್ 'ಟ್ರೂ' ಕೊಡಲೇಬೇಕು. ಇಲ್ಲದಿದ್ದರೆ ಪ್ಲೇಸ್‌ಹೋಲ್ಡರ್‌ಎಪಿಐ ರೀಲೋಡ್ ಮಾಡಿದ ಕೂಡಲೇ ಅದು ಮಾಯ. ಮುಗಿದ ಮೇಲೆ 0, 999, 1000, 99999, 100000, −100000 ಹಾಕಿ ನೋಡಿ.

ಪೈಸೆಯ ಪ್ಯಾಟರ್ನಿಗೆ #.00 ಬೇಡ, 0.00 ಬರೆಯಿರಿ. ಮೊದಲನೆಯದು ಐವತ್ತು ಪೈಸೆಯನ್ನು .50 ಎಂದು ತೋರಿಸುತ್ತದೆ.

ಅಕ್ಷರದ ವಿಷಯಕ್ಕೆ ಬಂದರೆ, ಕನ್ನಡದ ಹೆಸರನ್ನು ಸಬ್‌ಸ್ಟ್ರಿಂಗಿನಿಂದ (ಬರಹದ ತುಂಡು ತೆಗೆಯುವ ಜಾವಾ ಮೆಥಡ್) ಕತ್ತರಿಸಬೇಡಿ. 'ಬಳ್ಳಾರಿ' ನಮ್ಮ ಕಣ್ಣಿಗೆ ಮೂರಕ್ಷರ, ಜಾವಾಕ್ಕೆ ಏಳು. ಮೂರಕ್ಕೆ ಕತ್ತರಿಸಿದರೆ ಉಳಿಯುವುದು 'ಬಳ್'. ಜಾಗ ಸಾಲದಿದ್ದರೆ ಕಾನ್ಫಿಗ್ ಫೈಲಿನಲ್ಲೇ ಚಿಕ್ಕ ಹೆಸರು ಬರೆದಿಡಿ.

ಇನ್ನೊಂದು ಮಾತು. ಕಾಮಾ ಬಿದ್ದ ಮೇಲೆ ಅದು ಅಂಕಿಯಲ್ಲ, ಬರೀ ಅಕ್ಷರ. ಐದು ಲಕ್ಷ ದಾಟಿದವರಿಗೆ ರ‍್ಯಾಂಕ್ ಕೊಡುವಂಥ ಷರತ್ತುಗಳಿಗೆ ಕಾಮಾ ಇಲ್ಲದ ಮೂಲ ಪ್ಲೇಸ್‌ಹೋಲ್ಡರನ್ನೇ ಬಳಸಿ.