ಹೊಸ ಹಾಡು ಬಂದರೆ ನಾವು ಮಾತಾಡಿಕೊಳ್ಳುವುದು ಹೀಗೆ

ಬಳ್ಳಾರಿಯ ಜೀನ್ಸ್ ಯೂನಿಟ್‌ನಲ್ಲಿ ನಾನು ಹೊಲಿಗೆ ಕೆಲಸ ಮಾಡುತ್ತೇನೆ. ಕನ್ನಡದವರು, ತೆಲುಗಿನವರು, ಉರ್ದು ಮಾತಾಡುವವರು ಎಲ್ಲರೂ ಒಂದೇ ಸಾಲಿನಲ್ಲಿ ಕೂರುತ್ತೇವೆ. ಯಾವ ಭಾಷೆಯಲ್ಲಿ ಹೊಸ ಹಾಡು ಬಂದರೂ ಯಾರೋ ಒಬ್ಬರು ಅವತ್ತೇ ಸ್ಪೀಕರ್‌ಗೆ ಹಾಕುತ್ತಾರೆ. ಆದರೆ ಮಷಿನ್ ಸದ್ದಿನಲ್ಲಿ ಬೀಟ್ ಬಿಟ್ಟರೆ ಏನೂ ಸರಿಯಾಗಿ ಕೇಳುವುದಿಲ್ಲ. ಅದಕ್ಕೇ ಅಲ್ಲಿ ಕೇಳಿದ ಹಾಡಿನ ಬಗ್ಗೆ ನಾನು ಅಭಿಪ್ರಾಯ ಹೇಳುವುದಿಲ್ಲ. ರಾತ್ರಿ ಮನೆಯಲ್ಲಿ ವೈರ್ ಇರುವ ಇಯರ್‌ಫೋನ್ ಹಾಕಿಕೊಂಡು ಇನ್ನೊಮ್ಮೆ ಕೇಳುತ್ತೇನೆ.

ಮಾತು ನಡೆಯುವುದು ಸಂಜೆ, ವಗ್ಗರಣೆ ಮಿರ್ಚಿ ತಿನ್ನುವ ಹೊತ್ತಿನಲ್ಲಿ. ಮೊದಲೆಲ್ಲ "ಹೆಂಗೈತಿ?" ಅಂದರೆ "ಸೂಪರ್ ಐತಿ" ಅನ್ನುವುದಕ್ಕೇ ಮಾತು ಮುಗಿಯುತ್ತಿತ್ತು. ಅದರಿಂದ ಕೇಳುವವನಿಗೆ ಏನು ಗೊತ್ತಾಗಬೇಕು? ಈಗ ನಮ್ಮ ಗುಂಪಿನಲ್ಲಿ ಮರುಪ್ರಶ್ನೆ ಬಂದೇ ಬರುತ್ತದೆ: "ಎಲ್ಲಿ ಚೆಂದ ಐತಿ, ಆ ಜಾಗ ಹೇಳು." ಎರಡನೇ ಚರಣಕ್ಕೆ ಮುಂಚೆ ತಬಲಾ ನಿಂತು ಕೊಳಲು ಒಂದೇ ಉಳಿಯುತ್ತದೆ ಅಂತ ಹೇಳಿದರೆ ಸಾಕು, ಉಳಿದವರು ಆ ಜಾಗಕ್ಕಾಗಿ ಕಾದು ಕೇಳುತ್ತಾರೆ.

ಎರಡನೇ ಚರಣದ ಮೇಲೆ ನನಗೆ ಜಾಸ್ತಿ ಕಣ್ಣು. ಸ್ಪಾಟಿಫೈನಲ್ಲಿ 30 ಸೆಕೆಂಡ್ ಓಡಿದರೆ ಒಂದು ಸಲ ಕೇಳಿದ ಲೆಕ್ಕ. ಹಾಗಾಗಿ ಎಷ್ಟೋ ಹಾಡುಗಳು ಒಳ್ಳೆಯ ಸಾಲನ್ನೆಲ್ಲ ಮುಂದಕ್ಕೇ ತಂದು ಇಡುತ್ತವೆ. ಪಲ್ಲವಿ ಎಲ್ಲರೂ ಚೆನ್ನಾಗಿಯೇ ಮಾಡಿರುತ್ತಾರೆ. ಚರಣದಲ್ಲಿ ಹೊಸ ಯೋಚನೆ ಇದೆಯೋ, ಸುಮ್ನೆ ಮೊದಲಿನ ಟ್ಯೂನ್‌ಗೇ ಬೇರೆ ಮಾತು ತುಂಬಿದ್ದಾರೋ ಅಂತ ನೋಡಬೇಕು. ಎರಡು ಹಾಡು ಹೋಲಿಸುವಾಗ ಎರಡರ ಸೌಂಡೂ ಒಂದೇ ಮಟ್ಟದಲ್ಲಿರಲಿ. ಸ್ವಲ್ಪ ಜೋರಾಗಿ ಕೇಳಿದ್ದೇ ಚೆನ್ನಾಗಿದೆ ಅನ್ನಿಸಿಬಿಡುತ್ತದೆ.

ನಮ್ಮ ಊರಿನಲ್ಲಿ ಜಗಳದ ಮಟ್ಟಕ್ಕೆ ಹೋಗುವ ಚರ್ಚೆ ಇನ್ನೊಂದಿದೆ: ಒಂದೇ ಹಾಡು ತೆಲುಗಿನಲ್ಲಿ ಚೆನ್ನಾಗಿದೆಯೋ, ಕನ್ನಡದಲ್ಲೋ? ಈಗ ದೊಡ್ಡ ಸಿನಿಮಾಗಳ ಹಾಡು ಐದು ಭಾಷೆಗಳಲ್ಲಿ ಒಟ್ಟಿಗೇ ಬರುತ್ತವೆ. ಬಳ್ಳಾರಿಯವರಿಗೆ ಎರಡು ಭಾಷೆಯಂತೂ ಅರ್ಥವಾಗುತ್ತದೆ, ಹಾಗಾಗಿ ನಾವು ಎರಡನ್ನೂ ಕೇಳಿಯೇ ಮಾತಾಡುತ್ತೇವೆ. ಡಬ್ಬಿಂಗ್ ಹಾಡು ಬರೆಯುವವರ ಕಷ್ಟ ನನಗೆ ಅರ್ಥವಾದದ್ದೂ ಹೀಗೆ ಕೇಳಿ ಕೇಳಿಯೇ. ತೆಲುಗಿನ ಮಾತು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತದೆ, ಕನ್ನಡದ್ದೂ ಹಾಗೇ. ಟ್ಯೂನ್‌ನಲ್ಲಿ ಎಳೆಯಬೇಕಾದ ಜಾಗದಲ್ಲಿ ಎರಡೂ ಸಲೀಸಾಗಿ ಎಳೆದುಕೊಳ್ಳುತ್ತವೆ. ಹಿಂದಿ ಮಾತು ಎಷ್ಟೋ ಸಲ ವ್ಯಂಜನದಲ್ಲಿ ತಟ್ಟನೆ ನಿಲ್ಲುತ್ತದೆ. ಅಲ್ಲಿ ಕನ್ನಡ ಮಾತು ಇಟ್ಟರೆ ಕೊನೆಗೆ ಒಂದು ಅಕ್ಷರ ಉಳಿದುಬಿಡುತ್ತದೆ, ಗಾಯಕ ಅದನ್ನು ನುಂಗಬೇಕಾಗುತ್ತದೆ. ಇನ್ನು ಪರದೆಯ ಮೇಲೆ ನಟನ ತುಟಿ ಮುಚ್ಚಿದ ಕಡೆ ಪ, ಬ, ಮ ಬಂದರೇನೇ ಹೊಂದುವುದು. ಇಷ್ಟೆಲ್ಲ ಕಟ್ಟುಪಾಡಿನ ನಡುವೆಯೂ ಒಬ್ಬರು ನಾವು ಮಾತಾಡುವಂಥ ಕನ್ನಡ ಬರೆದಿದ್ದರೆ ಆ ಸಾಲನ್ನು ಎತ್ತಿ ಹೇಳಲೇಬೇಕು. ಹೆಸರು ನೋಡಿಕೊಂಡು ಹೇಳಬೇಕು. ಗಾಯಕರ ಹೆಸರು ಎಲ್ಲರ ಬಾಯಲ್ಲೂ ಇರುತ್ತದೆ, ಬರೆದವರನ್ನು ಕೇಳುವವರು ಕಡಿಮೆ, ಅಲ್ವಾ?

ಇಂಥ ಹಾಡು ಕೇಳಿ ಅಂತ ಯಾರಿಗಾದರೂ ಹೇಳುವಾಗ ನಾನು ಆಳು ನೋಡಿ ಹೇಳುತ್ತೇನೆ. ನಮ್ಮ ಕಟಿಂಗ್ ಮಾಸ್ಟರ್ ಭಜನೆಯಲ್ಲಿ ತತ್ವಪದ ಹಾಡುವವರು, ಹೊಸದು ಅಂದರೆ ತಲೆ ಅಲ್ಲಾಡಿಸುತ್ತಿದ್ದರು. ಅವರಿಗೆ ಸಿನಿಮಾ ಹಾಡು ಕೊಡಲಿಲ್ಲ. ರಘು ದೀಕ್ಷಿತ್ ಅವರ 2008ರ ಆಲ್ಬಂನಲ್ಲಿ ಶಿಶುನಾಳ ಶರೀಫರ ‘ಗುಡುಗುಡಿಯ ಸೇದಿ ನೋಡೋ’ ಇದೆ. ಪದ ಶರೀಫರದೇ, ಗಿಟಾರ್ ಹೊಸದು. ಕೇಳುವವರಿಗೆ ಹೊಸದಾದರೆ ಸಾಕು, ಇದೇ ವಾರ ಬಂದದ್ದೇ ಆಗಬೇಕೆಂದಿಲ್ಲ. "ಮಾಸ್ಟರ್, ಇದೊಂದು ಕೇಳ್ರಿ" ಅಂತ ಇಯರ್‌ಫೋನ್ ಕೊಟ್ಟೆ. ಪೂರ್ತಿ ಕೇಳಿದರು. "ಮಾತು ಕೆಡಿಸಿಲ್ಲಪ್ಪ. ಆದ್ರ ನಮ್ಮದು ಕುಂತು ಹಾಡೋದು, ಇದು ನಿಂತು ಹಾಡೋದು" ಅಂದರು. ಆ ಆಲ್ಬಂ ಬಗ್ಗೆ ಇದಕ್ಕಿಂತ ಒಳ್ಳೆಯ ಅಭಿಪ್ರಾಯ ನಾನು ಎಲ್ಲೂ ಕೇಳಿಲ್ಲ. ಬದಲಿಗೆ ಅವರು ನನಗೆ ರಾಯಚೂರು ಜಿಲ್ಲೆಯ ಸಿದ್ದರಾಮ ಜಂಬಲದಿನ್ನಿ ಅವರ ವಚನ ಗಾಯನ ಕೇಳಿಸಿದರು. ಆ ದನಿಯಲ್ಲಿ ಒಂದೊಂದು ಮಾತೂ ಬಿಡಿಬಿಡಿಯಾಗಿ ತಿಳಿಯುತ್ತದೆ. ಈಗ ಹೊಸ ಗಾಯಕರ ಉಚ್ಚಾರಣೆ ಅಳೆಯಲು ನನಗೆ ಅದೇ ಅಳತೆ.

ಇಷ್ಟವಾಗದ ಹಾಡಿಗೂ ಇದೇ ಪದ್ಧತಿ. "ಬೋರ್" ಅನ್ನುವಂತಿಲ್ಲ, ಎಲ್ಲಿ ಬೇಸರವಾಯಿತು ಅಂತ ಹೇಳಬೇಕು. ಇನ್ನೊಬ್ಬನ ನೆಚ್ಚಿನ ಹೀರೋ ಹಾಡಾದರೆ ಆ ಹೀರೋ ಮಾತು ಎತ್ತಬಾರದು, ಎತ್ತಿದರೆ ಹಾಡು ಅಲ್ಲೇ ಉಳಿದು ಜಗಳ ಮುಂದೆ ಹೋಗುತ್ತದೆ. ನಮ್ಮಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಮೊನ್ನೆ ಒಂದು ರ‍್ಯಾಪ್ ಹಾಕಿದ. ನನಗೆ ಹಿಡಿಸಲಿಲ್ಲ. ಡ್ರಮ್ ಚೆನ್ನಾಗಿದೆ, ಮಾತು ಅರ್ಧ ಕೇಳುವುದಿಲ್ಲ ಅಂದೆ. ಅವನು ಸಿಟ್ಟಾಗಲಿಲ್ಲ, ಇನ್ನೊಂದು ತರುತ್ತೇನಣ್ಣ ಅಂದ.